ಹಂಪಣ್ಣನವರ ಕ್ಯಾರಿಯರ್

ನಾರಾಯಣಪೇಟೆಯ ಸೀರೆ ವ್ಯಾಪಾರಿ ಹಂಪಣ್ಣನವರು ಹುಟ್ಟಿದಾಗ ಅಳಲಿಲ್ಲ, ಗದರಿದರು ಎಂದೇ ಪೇಟೆಯವರ ನಂಬಿಕೆ. ಆ ಸಿಟ್ಟು ಮೊನ್ನೆ ಗದ್ವಾಲದ ಸೈಕಲ್ ಅಂಗಡಿಗೂ ಬಂತು. ಹೆಂಡತಿ ವೀರಬಸಮ್ಮನನ್ನು ಹಿಂದೆ ಕೂರಿಸಿಕೊಂಡು ಸೋಮವಾರಕ್ಕೊಮ್ಮೆ ದಾಮರಗಿದ್ದದ ದಾರಿಯ ಈಶ್ವರನ ಗುಡಿಗೆ ಹೋಗುವುದು ಮದುವೆಯಾದಂದಿನ ಪದ್ಧತಿ. ಹಳೆಯ ಸೈಕಲ್ಲು ಅಲ್ಲಿನ ಜಲ್ಲಿಯಲ್ಲೇ ಮುರಿದಿತ್ತು; ಹೊಸದು ಕೊಳ್ಳಲು ಇಬ್ಬರೂ ಬಂದಿದ್ದರು.

ಅಂಗಡಿಯ ಕೊಟ್ರೇಶ ಜಲ್ಲಿ ದಾರಿಗೆಂದೇ ಮಾಡಿದ ಎರಡು ಗ್ರಾವೆಲ್ ಸೈಕಲ್ ತೋರಿಸಿದ, ಒಂದರ ಚೌಕಟ್ಟು ಕಾರ್ಬನ್ ನಾರಿನದು, ಇನ್ನೊಂದರದು ಉಕ್ಕಿನದು.

“ಕ್ಯಾರಿಯರ್ ಎಲ್ಲೈತಿ?”

“ಇವಕ್ಕ ಇರಂಗಿಲ್ರೀ ಸಾವ್ಕಾರ್ರ.”

“ಹಂಗಾರ ಇಕಿನ್ನ ಎಲ್ಲಿ ಕುಂದ್ರಸಲಿ, ನಿನ್ನ ತಲಿ ಮ್ಯಾಲ?”

“ಉಕ್ಕಿಂದಕ್ಕ ಬೋಲ್ಟ್ ಹಾಕಿ ಕ್ಯಾರಿಯರ್ ಕೂಡಸ್ತೀನ್ರೀ. ಕಾರ್ಬನ್ನಿಂದು ಅಷ್ಟು ಭಾರ ತಡೆಯಂಗಿಲ್ಲ. ಆದ್ರ ಅದು ಹಗುರ, ಪ್ಯಾಟಿ ಮಂದಿ ನಿಂತು ನೋಡ್ತಾರ.”

ನಿಂತು ನೋಡುವ ಮಂದಿ ಹಂಪಣ್ಣನವರ ಕಣ್ಣ ಮುಂದೆ ಸಾಲಾಗಿ ಬಂದರು. ಕೈ ಕಾರ್ಬನ್ನಿನ ಹ್ಯಾಂಡಲ್ ಹಿಡಿಯಿತು.

“ಅದನ್ನ ತಗೋರಿ,” ಎಂದರು ವೀರಬಸಮ್ಮ. “ನಾ ಬಸ್ಸಿನಾಗ ಬರ್ತೀನಿ.”

“ಬಸ್ಸಿನಾಗ? ನಾ ಸತ್ತೀನೇನು?” ಹಂಪಣ್ಣನವರ ಕೂಗಿಗೆ ಬೀದಿಯೇ ತಿರುಗಿತು. “ಏ ಕೊಟ್ರೇಶ, ಉಕ್ಕಿಂದು ತಗೀಲೇ!”

ಸೋಮವಾರ ಜಲ್ಲಿಯ ಏರಿನಲ್ಲಿ ಅವರು ಏದುಸಿರು ಬಿಡುತ್ತಲೇ ಕೊಟ್ರೇಶನ ವಂಶವನ್ನೆಲ್ಲ ಬೈಯುತ್ತಿದ್ದರು.

“ಬೈಯೋದು ಗುಡಿ ಮುಟ್ಟಿದ ಮ್ಯಾಲ ಇಟ್ಕೋರಿ,” ಎಂದರು ಹಿಂದೆ ಕೂತ ವೀರಬಸಮ್ಮ. “ಈಗ ತುಳೀರಿ.”