ಗುಲಾಬಬಿಯ ಅಣಬೆ, ಗುಡದಪ್ಪನ ಧೋತರ

ಅಗಡಿಯ ಗುಲಾಬಬಿ ಹನ್ನೆರಡು ವರ್ಷ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಸೀನಿ ಸೀನಿ ಸಾಕಾಗಿ, ತೊಂಬತ್ಮೂರನೇ ಇಸವಿಯಲ್ಲಿ ಹಾವೇರಿಗೆ ಹೋಗಿ ಮೂರು ದಿನ ಅಣಬೆ ಬೆಳೆಯುವುದನ್ನು ಕಲಿತು ಬಂದಳು. ಖಾಲಿ ಬಿದ್ದಿದ್ದ ಎಮ್ಮೆ ಕೊಟ್ಟಿಗೆಯಲ್ಲಿ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ತೂಗಾಡತೊಡಗಿದವು.

ಪಕ್ಕದ ಮನೆಯ ಗುಡದಪ್ಪ ನಲವತ್ತು ವರ್ಷ ಜೋಳ ಬೆಳೆದವನು. ಅವನಿಗೆ ತಡೆಯಲಾಗಲಿಲ್ಲ.

"ಮಣ್ಣಿಲ್ಲ, ಗೊಬ್ಬರಿಲ್ಲ, ಬಿಸಲಿಲ್ಲ. ಏನ್ ತಿಂದು ಬೆಳೀತಾವ ತಂಗಿ, ಗಾಳೀನ?"

"ಹುಲ್ಲು ತಿಂತಾವ್ರಿ ಅಣ್ಣಾ."

"ಬಾಯಿ ಎಲ್ಲೈತಿ?"

"ಬಾಯೀನೂ ಇಲ್ಲ, ಹೊಟ್ಟೀನೂ ಇಲ್ಲ. ನೂಲಿನಂಥಾ ಬಿಳೇ ಎಳಿ ಬಿಡ್ತಾವ. ಆ ಎಳಿ ಒಂದ್ ನಮೂನಿ ರಸಾ ಬಿಟ್ಟು ಹುಲ್ಲು ಕರಗಿಸಿ, ಅದನ್ನ ಹೀರ್ಕೊಂತಾವ. ನಾವು ನುಂಗಿ ಕರಗಿಸ್ತೇವಿ, ಇವು ಕರಗಿಸಿ ಉಣ್ತಾವ."

"ಅಂದ್ರ ತಾಟಿನ್ಯಾಗ ಉಗುಳಿ ಉಣ್ಣೂ ಮಂದಿ!"

ಈ ಮಾತನ್ನು ಅವನು ಊರೆಲ್ಲ ಹಂಚಿದ. ಎದುರು ಬಂದವರೆಲ್ಲ "ನಿನ್ನ ಅಣಬಿ ಉಂಡುವೇನಬೇ?" ಎಂದು ಕೇಳಿ ನಗುತ್ತಿದ್ದರು. ಗುಲಾಬಬಿ ಉರಿದುಹೋದಳು.

ಅವಳು ಗುಡದಪ್ಪನ ಹೆಂಡತಿ ಪ್ರೇಮವ್ವನ ಕಿವಿಯಲ್ಲಿ ಏನೋ ಉಸುರಿದಳು. ಗಂಡನ ಹಸಿರಂಚಿನ ತೇಪೆ ಧೋತರವನ್ನು ಹೇಗೆ ತೊಲಗಿಸಲಿ ಎಂದು ಕಾದಿದ್ದ ಪ್ರೇಮವ್ವ ಮರುದಿನವೇ ತಂದುಕೊಟ್ಟಳು. ಇಬ್ಬರೂ ಅದನ್ನು ಹರಿದು, ಕುದಿಸಿ, ಹಿಂಡಿ, ಪದರ ಪದರಕ್ಕೂ ಅಣಬೆ ಬೀಜ ಉದುರಿಸಿ ಚೀಲಕ್ಕೆ ತುಂಬಿದರು. ಗುಡದಪ್ಪ ಎಂಟು ದಿನ ಧೋತರ ಹುಡುಕಿ, ಕೊನೆಗೆ ಮಂಗಗಳೇ ಒಯ್ದಿರಬೇಕೆಂದು ಅವನ್ನು ಬೈದು ಕೈಬಿಟ್ಟ.

ಚೀಲ ಬೆಳ್ಳಗಾಯಿತು. ತಿಂಗಳೊಪ್ಪತ್ತಿನಲ್ಲಿ ಕಿವಿಯಂಥ ಅಣಬೆಗಳು ಗೊಂಚಲಾಗಿ ಹೊರಬಂದವು. ಪ್ರೇಮವ್ವ ಬೆಳ್ಳುಳ್ಳಿ, ಖಾರ ಹಾಕಿ ಪಲ್ಯ ಮಾಡಿದಳು. ಗುಡದಪ್ಪ ಎರಡು ಸಲ ಹಾಕಿಸಿಕೊಂಡ.

"ಖರೇನ ಭಾರಿ ಅದಾವ! ಯಾವ ಹುಲ್ಲಿನ್ವು?"

"ಬರ್ರಿ, ತೋರಸ್ತೇನಿ," ಎಂದಳು ಹೊಸ್ತಿಲಲ್ಲೇ ಕಾದಿದ್ದ ಗುಲಾಬಬಿ.

ಕೊಟ್ಟಿಗೆಯಲ್ಲಿ ಅವಳು ಚೀಲ ಸೀಳಿದಳು. ಬಿಳಿ ಎಳೆಗಳ ನಡುವೆ ಹಸಿರು ಅಂಚು ಇಣುಕುತ್ತಿತ್ತು. ಗುಡದಪ್ಪ ಎಳೆದು ನೋಡಿದ; ನೆನೆದ ರೊಟ್ಟಿಯಂತೆ ಕಿತ್ತು ಕೈಗೆ ಬಂತು.

"ಅಯ್ಯಯ್ಯೋ! ನನ್ನ ಧೋತರಾ ನಾನ ತಿಂದ್ನಲ್ಲಬೇ!"

"ನೀವು ತಿಂದದ್ದು ಅಣಬೀರಿ. ಧೋತರಾ ತಿಂದದ್ದು ಅದು."

ಗುಡದಪ್ಪನ ಮೀಸೆ ಸಿಟ್ಟಿನಿಂದ ಅದುರಿತು. ಆದರೆ ಬಾಗಿಲಲ್ಲಿ ನಿಂತ ಪ್ರೇಮವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದುದನ್ನು ಕಂಡು ಅವನಿಗೂ ನಗು ತಡೆಯಲಾಗಲಿಲ್ಲ.

ಮುಂದೆ ಹಾವೇರಿ ಸಂತೆಯಲ್ಲಿ ಗುಲಾಬಬಿಯ ಬುಟ್ಟಿಯ ಪಕ್ಕ ನಿಂತು, ಪ್ರಯೋಗಕ್ಕೆಂದು ಉಟ್ಟಿದ್ದ ಧೋತರವನ್ನು ತಾನೇ ಬಿಚ್ಚಿಕೊಟ್ಟೆನೆಂಬ ಕಥೆಯನ್ನು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಗುಲಾಬಬಿ ತಿದ್ದಲು ಹೋಗಲಿಲ್ಲ. ಕಥೆ ಕೇಳಲು ನಿಂತವರು ಅಣಬೆಯನ್ನೂ ಕೊಳ್ಳುತ್ತಿದ್ದರು.