ಕೇಳಿಸಿಕೊಳ್ಳದೆ ಉಳಿದ ತಮಟೆ

"ಅಪ್ಪಾ, ಇದೇ ಹಾಡನ್ನ ಬೆಳಗ್ಗೆಯಿಂದ ನಾಲ್ಕನೇ ಸಲ ಸ್ಕಿಪ್ ಮಾಡ್ತಿದ್ದೀಯ. ಇಷ್ಟ ಇಲ್ದಿದ್ರೆ ಯಾಕೆ ಇಟ್ಕೊಂಡಿದ್ದೀಯ?"

ಬೈಯಪ್ಪನಹಳ್ಳಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಇನ್ನೂ ಸರಿಯಾಗಿ ಕೂತಿರಲಿಲ್ಲ. ಪಕ್ಕದಲ್ಲಿದ್ದ ಮಗಳು ಸ್ಫೂರ್ತಿ ನನ್ನ ಫೋನಿನೊಳಗೆ ಬಗ್ಗಿ ನೋಡಿ ಹೀಗೆ ಕೇಳಿದಳು.

ಇಷ್ಟ ಇಲ್ಲ ಎಂದಲ್ಲ. ಸಾಕಾಗಿತ್ತು. ಕಾಲೇಜು ದಿನಗಳ ಸಿನಿಮಾ ಹಾಡುಗಳು, ಒಂದಿಷ್ಟು ಭಾವಗೀತೆ, ಶನಿವಾರಕ್ಕೆಂದು ಎರಡು ಮೂರು ದೇವರನಾಮ. ಐವತ್ತಾರು ವರ್ಷದ ನನ್ನ ಸಂಗೀತ ಪ್ರಪಂಚ ಇಷ್ಟೇ. ಪಲ್ಲವಿ ಮುಗಿದ ಮೇಲೆ ಪಿಟೀಲು ಎಷ್ಟು ಹೊತ್ತು ಅಳುತ್ತದೆ, ಕೊಳಲು ಎಲ್ಲಿ ಸಮಾಧಾನ ಮಾಡುತ್ತದೆ, ಎಲ್ಲ ಬಾಯಿಪಾಠ. ಮೂರು ದಿನ ಅದೇ ಸಾರು ಬಡಿಸಿದರೆ ಮುಖ ಸಿಂಡರಿಸುವ ನಾವು, ಮೂವತ್ತು ವರ್ಷ ಕಿವಿಗೆ ಅದನ್ನೇ ಬಡಿಸಿಕೊಂಡು ಸುಮ್ಮನಿರುತ್ತೇವಲ್ಲ, ಯಾಕೆ?

"ಭಾನುವಾರ ನನ್ ಜೊತೆ ಬಾ" ಎಂದಳು ಮಗಳು. "ಇಂದಿರಾನಗರದಲ್ಲಿ ತಿಂಗಳಿಗೊಂದು ಲಿಸನಿಂಗ್ ಸೆಷನ್ ಮಾಡ್ತಾರೆ. ನಿನಗೆ ಗೊತ್ತಿಲ್ದೇ ಇರೋದನ್ನೇ ಕೇಳಿಸ್ತಾರೆ. ಕಿವಿ ಸ್ವಲ್ಪ ಓಪನ್ ಆಗ್ಲಿ."

ಹೋದೆ.

ಅದೊಂದು ಹಳೆಯ ಬಂಗಲೆ. ಯಾರದೋ ಸಂಸಾರ ನಡೆದಿದ್ದ ಹಾಲಿನಲ್ಲಿ ಈಗ ದಿಂಬು ಹಾಕಿ ಜನರನ್ನು ಕೂರಿಸುತ್ತಾರೆ. (ಐವತ್ತು ದಾಟಿದವರಿಗೆ ಕುರ್ಚಿ ಉಂಟು. ಮಗಳ ಎದುರು ಮರ್ಯಾದೆ ಉಳಿಸಿಕೊಳ್ಳಲು ನಾನು ದಿಂಬಿನ ಮೇಲೇ ಕೂತೆ, ಏಳುವಾಗ ಮಾತ್ರ ಅವಳ ಕೈ ಬೇಕಾಯಿತು.) ಮೊದಲು ಯಾವುದೋ ದ್ವೀಪದ ಮರದ ಕೊಳಲು ಕೇಳಿಸಿದರು. ಆಮೇಲೆ ಮರುಭೂಮಿಯ ಕಡೆಯ ಹೆಂಗಸರ ಹಾಡು. ಒಂದು ಪದವೂ ಅರ್ಥವಾಗಲಿಲ್ಲ, ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದೆ. ಎಷ್ಟೋ ವರ್ಷದ ನಂತರ, ಮುಂದೇನು ಬರುತ್ತದೆಂದು ಗೊತ್ತಿಲ್ಲದ ಸಂಗೀತ!

ಅಷ್ಟರಲ್ಲಿ ಅಂಗಳದಿಂದ ಹೊಗೆಯ ವಾಸನೆ ಬಂತು. ತೆಂಗಿನ ಗರಿ ಸುಡುವ ವಾಸನೆ. ಕಿಟಕಿಯಲ್ಲಿ ಬಗ್ಗಿ ನೋಡಿದರೆ, ಕೋಲಾರದ ಕಡೆಯ ಆರು ಜನ ಯುವಕ ಯುವತಿಯರು ಬೆಂಕಿ ಮಾಡಿ ತಮಟೆಗಳನ್ನು ಕಾಯಿಸುತ್ತಿದ್ದರು.

ಒಳಗೆ ಬಂದು ಸಾಲಾಗಿ ನಿಂತು ಬಾರಿಸತೊಡಗಿದರು. ಒಂದು ಕೈಯ ತೆಳು ಕಡ್ಡಿ ಚಟಪಟ ಅನ್ನುತ್ತಿದ್ದರೆ, ಇನ್ನೊಂದು ಕೈಯ ಗಿಡ್ಡ ಕೋಲು ಎದೆಗೇ ಗುದ್ದುತ್ತಿತ್ತು. ಒಬ್ಬಳು ಎತ್ತಿಕೊಂಡದ್ದನ್ನು ಇನ್ನೊಬ್ಬ ತಿರುವುತ್ತಿದ್ದ, ಮೂರನೆಯವನು ಇಬ್ಬರನ್ನೂ ರೇಗಿಸುತ್ತಿದ್ದ. ನನಗೆ ಕಣ್ಣಲ್ಲಿ ನೀರು ಬಂತು. ನಾನು ಹುಟ್ಟಿದ ಊರಿನ ಸದ್ದು ಅದು. ಇಷ್ಟು ಸೂಕ್ಷ್ಮ ಅದರಲ್ಲಿತ್ತೇ?

ಕಾರ್ಯಕ್ರಮ ನಡೆಸುತ್ತಿದ್ದ ನಿವೇದಿತಾ ಎಂಬ ಹುಡುಗಿ ಮೈಕ್ ಹಿಡಿದು ಕೇಳಿದಳು. "ಇಲ್ಲೇ ಈಸ್ಟ್ ಬೆಂಗಳೂರಿನ ಹಳ್ಳಿಗಳಲ್ಲೂ ತಮಟೆ ತಂಡಗಳಿದ್ವಂತೆ. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"

ನನ್ನ ಕೈ ತಾನಾಗಿ ಮೇಲೆದ್ದಿತು.

"ನಮ್ಮೂರು ಇಲ್ಲೇ, ಮೆಟ್ರೋ ಡಿಪೋ ಹತ್ರ. ಸಿದ್ದರಾಜು ಅಂತ ನನ್ನ ಕ್ಲೋಸ್ ಫ್ರೆಂಡ್. ಅದ್ಭುತವಾಗಿ ಬಾರಿಸ್ತಾನೆ. ಮುಂದಿನ ತಿಂಗಳು ಕರ್ಕೊಂಡು ಬರ್ತೀನಿ!"

ಜನ ಚಪ್ಪಾಳೆ ತಟ್ಟಿದರು. ನನಗೆ.

ವಾಪಸ್ ಬರುವಾಗ ಮಗಳು ಕೇಳಿದಳು. "ಸಿದ್ದರಾಜು ಅಂಕಲ್ ಯಾರಪ್ಪಾ? ನಮ್ಮನೆಗೆ ಬಂದೇ ಇಲ್ವಲ್ಲ?"

"ಸ್ಕೂಲ್ ಫ್ರೆಂಡ್" ಎಂದೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಆಗ ನಮ್ಮದು ರಾಗಿ, ತರಕಾರಿ ಬೆಳೆಯುವ ಊರು. ಹೊಲಗಳು ಲೇಔಟ್ ಆದದ್ದು, ನಾವು ಬಾಡಿಗೆ ಮನೆಗಳ ಓನರ್‌ಗಳಾದದ್ದು ಆಮೇಲೆ. ಊರಾಚೆ ಎಂಟು ಮನೆಗಳಿದ್ದವು. ಸಿದ್ದರಾಜು ಅಲ್ಲಿಯವನು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಶಾಲೆಯಲ್ಲಿ ಅವನು ನನ್ನನ್ನು "ನೀನು" ಎನ್ನುತ್ತಿದ್ದ, ಊರೊಳಗೆ ಎದುರಾದರೆ "ನೀವು" ಎನ್ನುತ್ತಿದ್ದ. ಅದರಲ್ಲಿ ನನಗೆ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ನಾವು ಹತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ತಾತ ತೀರಿಕೊಂಡರು. ಹೇಳಿ ಕಳಿಸಿದ್ದಕ್ಕೆ ತಮಟೆಯವರು ಬಂದರು. ಸಿದ್ದರಾಜುವಿನ ಅಪ್ಪ ಮುಂದೆ, ಅವರ ಪಕ್ಕದಲ್ಲಿ ಅವನು. ಮನೆಯಿಂದ ಗುಂಡುತೋಪಿನ ಸ್ಮಶಾನದವರೆಗೆ, ಸುಡು ಬಿಸಿಲಿನಲ್ಲಿ, ಒಂದು ಕ್ಷಣವೂ ನಿಲ್ಲಿಸದೆ ಬಾರಿಸಿದರು. ಅವನು ಎರಡು ಸಲ ನನ್ನ ಕಡೆ ನೋಡಿದ. ನಾನು ಗುರುತಿಲ್ಲದವನ ಹಾಗೆ ನೆಲ ನೋಡಿದೆ. ಎಲ್ಲ ಮುಗಿದ ಮೇಲೆ ಅವರಿಗೆ ರಸ್ತೆಯಲ್ಲೇ ಎಲೆ ಹಾಕಿದರು. ನಮ್ಮ ಮನೆಯ ಹೊಸ್ತಿಲು ಅವರಿಗಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾಲ್ಕು ದಿನ ಬಿಟ್ಟು ಶಾಲೆಗೆ ಹೋದೆ. ಸಿದ್ದರಾಜು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಮೆಲ್ಲಗೆ ಕೇಳಿದ. "ನಾನು ಬಾರ್ಸಿದ್ದು ಹೆಂಗಿತ್ತೋ? ಕೊನೆಯಲ್ಲಿ ಒಂದು ಹೊಸ ವರಸೆ ಹಾಕ್ದೆ, ನಿಮ್ ತಾತಂಗೋಸ್ಕರ."

ನಾನು ಹೇಳಿದೆ. "ಅದೆಲ್ಲ ಯಾರೋ ಕೇಳ್ತಾರೆ? ಸಾವಿನ ಸದ್ದು ಅದು."

ಅವನು ಪುಸ್ತಕ ತೆಗೆದು ಓದತೊಡಗಿದ. ಆಮೇಲೆ ನಾವು ಜಗಳವಾಡಲಿಲ್ಲ. ಮಾತೂ ಆಡಲಿಲ್ಲ. ಅವನಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದೂ, ವಿಮಾನಪುರದ ಕಡೆ ಮನೆ ಮಾಡಿದನೆಂದೂ ಯಾರೋ ಹೇಳಿದ್ದರು. ನಮ್ಮೂರಿಗೂ ಅಲ್ಲಿಗೂ ಬೈಕಿನಲ್ಲಿ ಇಪ್ಪತ್ತು ನಿಮಿಷ. ನಾನು ನಲವತ್ತು ವರ್ಷ ತೆಗೆದುಕೊಂಡೆ.

ವಿಳಾಸ ಹಿಡಿದು ಹೋದಾಗ ಬಾಗಿಲು ತೆರೆದದ್ದು ಅವನ ಹೆಂಡತಿ ಸುಜಾತಾ. ಹಿಂದೆಯೇ ಅವನು ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ. ಎರಡು ಕ್ಷಣ ನೋಡಿ, "ಬಾ ಮಂಜು, ಒಳಗೆ ಬಾ" ಎಂದ.

ಅವನ ಹೊಸ್ತಿಲು ದಾಟಿ ಒಳಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ. ಅದರ ಕೆಳಗೆ, ಈ ಗೋಡೆಯಿಂದ ಆ ಗೋಡೆಯವರೆಗೆ ಕ್ಯಾಸೆಟ್ಟು, ಸಿ.ಡಿ. ಮೂಲೆಯಲ್ಲಿ ಎರಡು ಒಳ್ಳೆಯ ಸ್ಪೀಕರ್. ನಾನು ಬೆರಗಾಗಿ ನಿಂತೆ.

"ಇದೆಲ್ಲ ಕೇಳ್ತೀಯಾ?"

"ಚಿಕ್ಕಂದಿನಿಂದ್ಲೂ" ಎಂದ. "ಹಲಸೂರಿನ ಗುಡಿ ಹೊರಗೆ ನಿಂತು ನಾಗಸ್ವರ ಕೇಳ್ತಿದ್ದೆ. ಶಿವಾಜಿನಗರಕ್ಕೆ ನಡ್ಕೊಂಡು ಹೋಗಿ ಕವ್ವಾಲಿ ಕೇಳ್ತಿದ್ದೆ. ಡಿಸೆಂಬರ್ ಬಂದ್ರೆ ಚರ್ಚ್ ಹಾಡು. ಒಳಗೆ ಬಾ ಅಂದ್ರೆ ಒಳಗೆ, ಇಲ್ದಿದ್ರೆ ಕಾಂಪೌಂಡ್ ಪಕ್ಕ. ಕೇಳೋಕೆ ಏನಂತೆ?"

ಎಲ್ಲ ಬಾಗಿಲೂ ತೆರೆದೇ ಇದ್ದರೂ ನಾನು ಅದೇ ಹಳೇ ಹಾಡುಗಳಲ್ಲಿ ಮುದುಕನಾಗಿದ್ದೆ. ಹೊರಗೆ ನಿಂತವನು ಊರನ್ನೆಲ್ಲ ಕೇಳಿಬಿಟ್ಟಿದ್ದ.

ಸುಜಾತಾ ಕಾಫಿ ತಂದರು. ನಾನು ಬಂದ ವಿಷಯ ಹೇಳಿದೆ. ಇಂದಿರಾನಗರ, ಬಂಗಲೆ, ಚಪ್ಪಾಳೆ. "ಈಗ ಕಾಲ ಬದಲಾಗಿದೆ ಸಿದ್ದು. ಜನ ಎದ್ದು ನಿಂತು ಗೌರವ ಕೊಡ್ತಾರೆ. ನೀನೊಂದು ಸಲ ಬರ್ಬೇಕು."

ಅವನು ಲೋಟ ಕೆಳಗಿಟ್ಟ.

"ನಮ್ಮನೇಲಿ ತಮಟೆ ಇಲ್ಲ ಮಂಜು. ಬಿಟ್ಟು ಇಪ್ಪತ್ತೈದು ವರ್ಷ ಆಯ್ತು. ಎಂಟು ಮನೆಯೋರೂ ಕೂತು ಮಾತಾಡಿ ಬಿಟ್ವಿ. ಕರೆದ್ರೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಬೈಗುಳ. ನಮ್ಮನೇಲೇ ಮದುವೆ ಇರ್ಲಿ, ಪರೀಕ್ಷೆ ಇರ್ಲಿ. ನಿಂಗದು ಮ್ಯೂಸಿಕ್ಕು. ನಮಗದು ಕರೆ."

"ಕೋಲಾರದ ಹುಡುಗರು ಬಾರ್ಸಿದ್ರಲ್ಲ..."

"ಬಾರಿಸ್ಲಿ. ಅವರಿಷ್ಟಕ್ಕೆ ಅವರು ಹೆಮ್ಮೆಯಿಂದ ಬಾರಿಸ್ಲಿ, ನಂಗೂ ಖುಷಿನೇ. ನಾನು ಮಾತ್ರ ಮುಟ್ಟಲ್ಲ."

ಆಮೇಲೆ ಅವನು ದನಿ ಏರಿಸದೆಯೇ ಕೇಳಿದ.

"ನಮ್ಮಪ್ಪ ತೀರ್ಕೊಂಡಿದ್ದು ನಿಂಗೆ ಗೊತ್ತಾಗಿತ್ತಾ?"

ಗೊತ್ತಾಗಿತ್ತು. ಆ ದಿನ ನಾನು ಊರಿನಲ್ಲೇ ಇದ್ದೆ. ಟಿ.ವಿ. ನೋಡುತ್ತಿದ್ದೆ. ಅಮ್ಮ ಬಂದು ಹೇಳಿದಾಗ "ಅಯ್ಯೋ ಪಾಪ" ಎಂದಿದ್ದೆ.

"ಗೊತ್ತಾಗಿತ್ತು" ಎಂದೆ.

"ನಿಮ್ಮೂರಿನ ಒಂದೊಂದು ಹೆಣದ ಮುಂದೂ ನಡೆದವರು ನಮ್ಮಪ್ಪ. ಅವರ ಹಿಂದೆ ನಡೆಯೋಕೆ ಊರೊಳಗಿಂದ ಒಬ್ರೂ ಬರ್ಲಿಲ್ಲ. ನಾನು ದಾರಿ ನೋಡ್ತಿದ್ದೆ. ಯಾರಿಲ್ದಿದ್ರೂ ನೀನು ಬರ್ತೀಯ ಅಂತಿತ್ತು."

"ತಪ್ಪಾಯ್ತು ಸಿದ್ದು" ಎಂದೆ. ತಾತನ ಸಾವಿನ ನಂತರ ಆಡಿದ ಮಾತಿಗೂ ಕ್ಷಮೆ ಕೇಳಿದೆ. ಅವನು ಮರೆತಿರಬಹುದು ಎಂದು ಆಸೆಪಟ್ಟಿದ್ದೆ. ಮರೆತಿರಲಿಲ್ಲ. "ಹ್ಞೂಂ, ಹೇಳಿದ್ದೆ ನೀನು" ಎಂದ. ಪರವಾಗಿಲ್ಲ ಎನ್ನಲಿಲ್ಲ. ಯಾಕೆ ಎನ್ನಬೇಕು?

ನಾನು ಏಳಲು ಹೊರಟೆ. ಅವನು ಕೈ ಸನ್ನೆಯಲ್ಲೇ ಕೂರಿಸಿದ. "ಕೇಳೋಕೆ ಅಂತ ಬಂದಿದ್ದೀಯ. ಕೇಳ್ಕೊಂಡು ಹೋಗು." ಒಂದು ಸಿ.ಡಿ. ಹಾಕಿದ. ಯಾವುದೋ ದೂರದೇಶದ ತಂತಿವಾದ್ಯ, ಎದೆಯ ಮಟ್ಟದಲ್ಲೇ ಮಾತಾಡುವಂಥ ದಪ್ಪ ದನಿ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಬೆರಳು ಮಾತ್ರ ಕುರ್ಚಿಯ ಕೈ ಮೇಲೆ ಆಡುತ್ತಿತ್ತು, ತೀರಾ ಸಣ್ಣಗೆ. ನಾನು ಸಂಗೀತ ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆ. ಅವನು ಕಣ್ಣು ತೆರೆದು, ನಾನು ನೋಡುತ್ತಿರುವುದನ್ನು ಕಂಡು, ಕೈ ಹಿಂದಕ್ಕೆ ತೆಗೆದುಕೊಂಡ.

ಗೇಟಿನವರೆಗೆ ಬಂದು ಬೀಳ್ಕೊಟ್ಟ. ಮತ್ತೆ ಬಾ ಎಂದು ಅವನು ಹೇಳಲಿಲ್ಲ. ಬರುತ್ತೇನೆ ಎನ್ನುವ ಧೈರ್ಯ ನನಗೂ ಆಗಲಿಲ್ಲ.

ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕೇಳಿದ ಮೇಲೆ ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಹೊಸದು. ಅದರಿಂದ ತಪ್ಪಿಸಿಕೊಳ್ಳಲೆಂದು ಆಗಲೇ ನಿವೇದಿತಾಗೆ ಫೋನ್ ಮಾಡಿದೆ.

"ಸಿದ್ದರಾಜು ಬರಲ್ಲಮ್ಮ. ಅವರು ತಮಟೆ ಬಿಟ್ಟಿದ್ದಾರೆ. ಇನ್ನೊಂದು ವಿಷಯ, ಅವರು ನನ್ನ ಕ್ಲೋಸ್ ಫ್ರೆಂಡ್ ಅಂದಿದ್ದು ಸುಳ್ಳು."

ಪಾಪ, ಇದಕ್ಕೆ ಏನನ್ನಬೇಕೆಂದು ಅವಳಿಗಾದರೂ ಹೇಗೆ ತಿಳಿಯಬೇಕು?

"ಪರ್ವಾಗಿಲ್ಲ ಸಾರ್" ಎಂದಳು. "ನಿಮ್ಮೂರಿನ ಆ ತಂಡದಲ್ಲಿ ಬೇರೆ ಯಾರಿದ್ರು? ಹೆಸರು ಹೇಳಿ, ನಾನೇ ಹುಡುಕಿ ಮಾತಾಡ್ತೀನಿ."

ಬೇರೆ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.