ಅಕ್ಕನಿಗೆ ಒಯ್ದ ಕರಂಡೆ ಹಣ್ಣು

ಮೂಡುಬಿದಿರೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳಿ ಹೋಗಿ ನೋಡುವ ಜಾಯಮಾನ ನನ್ನದು. ಈ ಬೇಸಿಗೆಯಲ್ಲಿ ಚಿಂತಿಸಲು ನಿಜವಾದ ಕಾರಣವೇ ಸಿಕ್ಕಿತು. ಕಕ್ಕಿಂಜೆಯಲ್ಲಿರುವ ಅಕ್ಕನಿಗೆ ಕ್ಯಾನ್ಸರ್. ಮೂರು ಸಲ ಕೀಮೋ ಆದರೂ ಗಡ್ಡೆ ಕರಗಿರಲಿಲ್ಲ.

ಆಗಲೇ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿಗೆಂದು ಕರಂಡೆ ತಂದಳು. ಗುಡ್ಡದ ಮುಳ್ಳುಪೊದೆಯಲ್ಲಿ ಬಿಡುವ, ಕಪ್ಪಗೆ ಮಾಗುವ ಸಣ್ಣ ಹಣ್ಣು. ಅದರ ಸಾರದ ಎರಡು ತೊಟ್ಟು ಬಿಟ್ಟದ್ದೇ ಗಾಜಿನ ನಳಿಯಲ್ಲಿದ್ದ ನೇರಳೆ ಬಣ್ಣದ ದ್ರಾವಣ ಹಳದಿಗೆ ತಿರುಗಿತು. ಹಣ್ಣಿನಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ. ದೇಹದೊಳಗೆ ಏನಾಗುತ್ತದೆ ಎಂಬುದಕ್ಕಲ್ಲ. ವರ್ಷವೂ ಮಕ್ಕಳಿಗೆ ಇದನ್ನೇ ಒತ್ತಿ ಹೇಳುವ ನಾನು ಅಕ್ಕನಿಗೆ ಗುಣವಾದೀತೆಂದು ಶನಿವಾರ ಗುಡ್ಡ ಹತ್ತಿ, ಕೈಯೆಲ್ಲ ಗೀರಿಸಿಕೊಂಡು ಒಂದು ಡಬ್ಬಿ ಹಣ್ಣು ಕೊಯ್ದೆ.

ಕೊಯ್ದ ಮೇಲೆ ಹೆದರಿಕೆ. ಕಾಗೆ ಕುಕ್ಕಿರಬಹುದು, ಸೋಂಕು ತಗಲಬಹುದು. ನಮ್ಮಲ್ಲಿ ಎಳೆಯ ಕರಂಡೆಕಾಯಿಯನ್ನು ಉಪ್ಪುನೀರಿನ ಭರಣಿಗೆ ಹಾಕಿಡುವುದು ರೂಢಿ. ಅದೇ ಅಭ್ಯಾಸದಲ್ಲಿ ಹಣ್ಣನ್ನೂ ದಪ್ಪ ಉಪ್ಪಿನ ನೀರಿನಲ್ಲಿ ಮರುದಿನದವರೆಗೆ ಮುಳುಗಿಸಿಟ್ಟೆ. ಭಾನುವಾರ ಬೆಳ್ತಂಗಡಿಯಲ್ಲಿ ಬಸ್ ಬದಲಿಸಿ ಕಕ್ಕಿಂಜೆ ತಲುಪಿದೆ.

ಅಕ್ಕ ಮಂಚದಲ್ಲಿ ಒರಗಿದ್ದಳು. ಬಣ್ಣ ತಿರುಗಿದ ಕಥೆ ಹೇಳಿದೆ.

"ಹಾಗಾದರೆ ನಿನ್ನ ಗಾಜಿನ ನಳಿಗೆ ಗುಣ ಆಯ್ತು. ಅದಕ್ಕೆ ಎಂಥ ಕಾಯಿಲೆ ಇತ್ತು ಮಾರಾಯ?"

"ತಮಾಷೆ ಬೇಡ ಅಕ್ಕ. ಒಂದು ತಿನ್ನು."

"ಕೊಡು. ನೀನು ಚಿಂತೆ ಮಾಡಿ ಸಾಯುವ ಮೊದಲು ತಿನ್ತೇನೆ."

ಕಚ್ಚಿದವಳೇ ಕಣ್ಣು ಬಿಗಿಮುಚ್ಚಿ ಹಣ್ಣನ್ನು ಅಂಗೈಗೆ ಉಗಿದಳು. ಬಾಯಿ ತೆರೆದು ತೋರಿಸಿದಳು. ನಾಲಗೆ, ತುಟಿಯ ಒಳಗೆಲ್ಲ ಕೀಮೋದ ಹುಣ್ಣು. ಅದಕ್ಕೆ ನಾನು ಉಪ್ಪೂ ಹುಳಿಯೂ ಹಚ್ಚಿದ್ದೆ. ಕಾಗೆಯ ತನಕ ಯೋಚಿಸಿದ ಮಹಾನುಭಾವನಿಗೆ, ಬಾಯಿ ಹೇಗಿದೆ ಎಂದು ಒಮ್ಮೆ ಫೋನಿನಲ್ಲಿ ಕೇಳಲು ಹೊಳೆದಿರಲಿಲ್ಲ.

ನೀರು ಕುಡಿದು ಸುಧಾರಿಸಿಕೊಂಡಳು.

"ಇನ್ನು ಕೀಮೋ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ. ಗುಣ ಆಗಿ ಅಲ್ಲ, ಕೊಟ್ಟು ಪ್ರಯೋಜನ ಇಲ್ಲ ಅಂತ. ಹೇಳಿದ್ರೆ ನಿನಗೆ ನಿದ್ದೆ ಬರುವುದಿಲ್ಲ ಅಂತ ಹೇಳಲಿಲ್ಲ."

ಡಬ್ಬಿಯ ಮುಚ್ಚಳ ಹಾಕಿದೆ.

"ಮುಚ್ಚಬೇಡ. ನೀನು ತಿನ್ನು, ನಾನು ನೋಡ್ತೇನೆ."

ತಿಂದೆ. ಪ್ರತಿ ಹಣ್ಣಿಗೂ ನನ್ನ ಬಾಯಿಯನ್ನೇ ನೋಡುತ್ತ, "ಹುಳಿ ಉಂಟಾ? ಸಿಹಿ ಉಂಟಾ?" ಎಂದು ಕೇಳಿದಳು. ಉಪ್ಪು, ಹುಳಿ ಬಿಟ್ಟರೆ ಬೇರೆ ರುಚಿಯೇ ಇರಲಿಲ್ಲ. ಸಿಹಿ ಉಂಟು ಎಂದೆ.